ಒಂದು ಪಾಯಿಂಟ್ ಒಂದು ಆರು

ನೋರೀನ್ ಬೆಟ್ಸ್‌ಗೆ ಅರವತ್ತೇಳು. ದಕ್ಷಿಣ ಇಂಡಿಯಾನಾದ ಕುರ್ಚಿ ಕಾರ್ಖಾನೆಯೊಂದರಲ್ಲಿ ಮೂವತ್ತೊಂದು ವರ್ಷ ಮರ ಉಜ್ಜುವ ಯಂತ್ರ ಹಿಡಿದವಳು. ಯಂತ್ರದ ನಡುಕ ನಿಂತು ಎಷ್ಟೋ ಕಾಲವಾಯಿತು, ಕೈಯ ನಡುಕ ನಿಂತಿಲ್ಲ. ಬಲ ಭುಜವೂ ಕೈಕೊಟ್ಟ ಮೇಲೆ ಉದ್ದ ಬಂದೂಕು ಬಿಟ್ಟು ರಿವಾಲ್ವರ್ ಹಿಡಿದು ಜಿಂಕೆ ಬೇಟೆಗೆ ಹೋಗುತ್ತಾಳೆ. ಒಂದು ಜಿಂಕೆ ಸಿಕ್ಕರೆ ಒಬ್ಬಂಟಿ ವಿಧವೆಗೆ ಚಳಿಗಾಲವಿಡೀ ಮಾಂಸದ ಚಿಂತೆಯಿಲ್ಲ.

ಊರು ಅವಳನ್ನು ಗುರುತಿಸುವುದು ಮಾತ್ರ ಬೇರೆ ಕಾರಣಕ್ಕೆ. ಹೊಸ ಬೇಟೆಗಾರರಿಗೆ ಚರ್ಚಿನ ನೆಲಮಾಳಿಗೆಯಲ್ಲಿ ನಡೆಯುವ ತರಗತಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಪಾಠ ಹೇಳುವವಳು ಅವಳೇ. ಸಂಬಳವಿಲ್ಲ, ಕಾಫಿಯೂ ಮನೆಯಿಂದಲೇ. ಕೈಬಂದೂಕಿನ ನಿಯಮ ಬಂದಾಗ ಸ್ವಲ್ಪ ದನಿ ಏರಿಸುತ್ತಾಳೆ. ನಳಿಗೆ ನಾಲ್ಕು ಇಂಚಿಗೆ ಕಡಿಮೆ ಇರಕೂಡದು. ಗುಂಡು ಹೆಚ್ಚುಕಡಿಮೆ ಕಾಲು ಇಂಚು ದಪ್ಪವಾದರೂ ಇರಬೇಕು. ಮದ್ದು ತುಂಬುವ ಹಿತ್ತಾಳೆ ಕೊಳವೆ 1.16 ಇಂಚಿಗಿಂತ ಗಿಡ್ಡ ಇರಕೂಡದು.

“ಗುಂಡು ದಪ್ಪ ಇದೆ ಅಂತ ಮೆರೀಬೇಡಿ. ಕೊಳವೆ ಗಿಡ್ಡ ಆದ್ರೆ ಮದ್ದು ಕಮ್ಮಿ. ಜಿಂಕೆ ಸಾಯಲ್ಲ, ಮೂರು ದಿನ ನರಳುತ್ತೆ. ಆ ಪಾಪ ಯಾರು ಹೊರ್ತೀರ?” ಎಂದು ಜೇಬಿನಿಂದ ಕ್ಯಾಲಿಪರ್ ತೆಗೆದು ಎಲ್ಲರ ಕೈಯಲ್ಲೂ ಒಂದೊಂದು ತೋಟಾದ ಕೊಳವೆ ಅಳೆಸುತ್ತಾಳೆ. ಬೆನ್ನ ಹಿಂದೆ ಅವಳಿಗೆ ‘ಒಂದು ಪಾಯಿಂಟ್ ಒಂದು ಆರು’ ಎಂದೇ ಹೆಸರು.

ಆ ಹೆಸರು ಅಂಟಿದ್ದು ತಮ್ಮ ಡೆಲ್ಬರ್ಟ್‌ನಿಂದ. ಹನ್ನೊಂದು ವರ್ಷದ ಹಿಂದೆ ಅವನು ಅಪ್ಪನ ಸೈನ್ಯದ ಪಿಸ್ತೂಲಿನಿಂದ ದೊಡ್ಡ ಕೊಂಬಿನ ಗಂಡು ಜಿಂಕೆ ಹೊಡೆದು, ಅಕ್ಕನಿಗೆ ತೋರಿಸಲು ಓಡಿ ಬಂದಿದ್ದ. ಆ ಪಿಸ್ತೂಲಿನ ಗುಂಡು ದಪ್ಪ, ಕೊಳವೆ ಗಿಡ್ಡ. ನೋರೀನ್ ಅಳೆದಳು, ಬೇಟೆಯ ಕಾನೂನು ಕಾಯುವ ವಾರ್ಡನ್‌ಗೆ ಫೋನ್ ಮಾಡಿದಳು. ಕೊಂಬು ಹೋಯಿತು, ಒಂದು ವರ್ಷದ ಲೈಸೆನ್ಸ್ ಹೋಯಿತು, ತಮ್ಮನೂ ಮಾತು ಬಿಟ್ಟು ಹೋದ. ಅಮ್ಮನ ಅಂತ್ಯಕ್ರಿಯೆಯಲ್ಲಿ ಅವನು ಬೇರೆ ಬೆಂಚಿನಲ್ಲಿ ಕೂತ. ಸರಿಯಾದದ್ದನ್ನೇ ಮಾಡಿದೆ ಎಂದು ಅವಳು ಇಷ್ಟು ವರ್ಷ ತನಗೆ ತಾನೇ ಹೇಳಿಕೊಂಡು ಬಂದಿದ್ದಾಳೆ. ಹೇಳಿಕೊಂಡೂ ಹೇಳಿಕೊಂಡೂ ಸುಸ್ತಾಗಿದ್ದಾಳೆ.

ಈ ವರ್ಷ ಮಣಿಕಟ್ಟು ಇನ್ನೂ ಕೆಟ್ಟಿತು. ಮ್ಯಾಗ್ನಮ್ ಎಂಬ ದೊಡ್ಡ ತೋಟಾದ ಒದೆತ ತಾಳಲಾರದೆ ಅದೇ ರಿವಾಲ್ವರಿಗೆ ಹೊಂದುವ ಸ್ಪೆಷಲ್ ಎಂಬ ಸಣ್ಣ ತೋಟಾಕ್ಕೆ ಇಳಿದಳು. ಅದರ ಕೊಳವೆ ಹೊಸದರಲ್ಲಿ ಸರಿಯಾಗಿ 1.16, ಕಾನೂನಿನ ಅಂಚಿನಲ್ಲೇ ನಿಲ್ಲುತ್ತದೆ. ಹಳೆಯ ಕೊಳವೆಗಳಿಗೆ ತಾನೇ ಮದ್ದು ತುಂಬುವವಳು ಅವಳು. ಬೇಸಿಗೆಯಲ್ಲಿ ಬಳಸಿ ಬಳಸಿ ಹಿಗ್ಗಿದ ಒಂದು ಡಬ್ಬಿ ಕೊಳವೆಗಳನ್ನು, ಮದ್ದು ತುಂಬುವವರ ಪುಸ್ತಕ ಹೇಳಿದ ಅಳತೆಗೆ ಅಚ್ಚುಕಟ್ಟಾಗಿ ಕತ್ತರಿಸಿ ಸಮ ಮಾಡಿಟ್ಟಿದ್ದಳು.

ನವೆಂಬರಿನ ಎರಡನೇ ಶನಿವಾರ ಬೆಳಿಗ್ಗೆ ಜೋಳದ ಹೊಲದ ಬದುವಿನಲ್ಲಿ ಹೆಣ್ಣು ಜಿಂಕೆಯೊಂದು ಮೂವತ್ತು ಹೆಜ್ಜೆಯಲ್ಲಿ ನಿಂತಿತು. ಒಂದೇ ಗುಂಡು. ನಾಲ್ಕು ಹೆಜ್ಜೆ ನಡೆದು ಬಿತ್ತು, ನರಳಲಿಲ್ಲ. ಮಧ್ಯಾಹ್ನ ಜಿಂಕೆಯನ್ನು ಶೆಡ್ಡಿನಲ್ಲಿ ನೇತುಹಾಕಿ, ರಿವಾಲ್ವರ್ ಒರೆಸುತ್ತ, ಖಾಲಿ ಕೊಳವೆಯನ್ನು ಅಭ್ಯಾಸಬಲದಿಂದ ಕ್ಯಾಲಿಪರಿಗೆ ಕೊಟ್ಟಳು. ಒಂದು ಪಾಯಿಂಟ್ ಒಂದು ಐದು.

ಡಬ್ಬಿಯ ಉಳಿದ ಕೊಳವೆಗಳನ್ನೂ ಅಳೆದಳು. ಎಲ್ಲವೂ ಅಷ್ಟೇ. ಪುಸ್ತಕ 1.15ಕ್ಕೆ ಕತ್ತರಿಸು ಎಂದಿತ್ತು, ಅವಳು ಕತ್ತರಿಸಿದ್ದಳು. ಇಪ್ಪತ್ತೆರಡು ವರ್ಷ ಒಂದು ಪುಸ್ತಕ ಬಾಯಿಪಾಠ ಹೇಳಿದವಳು ಇನ್ನೊಂದು ಪುಸ್ತಕದ ಮಾತು ಕೇಳಿ ಕೆಟ್ಟಿದ್ದಳು. ಬಕೆಟ್ ಮಗುಚಿ ಅದರ ಮೇಲೆ ಕೂತಳು. ನೋಡಿದವರು ಯಾರೂ ಇಲ್ಲ. ಕೊಳವೆಯನ್ನು ಕೆರೆಗೆ ಎಸೆದರೆ ಕಥೆ ಮುಗಿಯಿತು. ಕಾಲು ಗಂಟೆ ಹಾಗೇ ಕೂತಿದ್ದು ಆಮೇಲೆ ವಾರ್ಡನ್‌ಗೆ ಫೋನ್ ಮಾಡಿದಳು.

ಈಗಿನ ವಾರ್ಡನ್ ಟ್ರೆಂಟ್ ಗೋಬೆನ್ ಅವಳ ಹಳೆಯ ಶಿಷ್ಯ. ಬಂದು ಅಳೆದು ತಲೆ ಕೆರೆದುಕೊಂಡ.

“ಟೀಚರ್, ಒಂದು ಇಂಚಿನ ನೂರನೇ ಒಂದು ಭಾಗ. ಕೂದಲಿನ ಲೆಕ್ಕ. ಜಿಂಕೆ ಬಿದ್ದ ಜಾಗದಲ್ಲೇ ಸತ್ತಿದೆ. ನಾನೇನೂ ನೋಡಿಲ್ಲ, ಹೋಗಿ ಬೆಚ್ಚಗೆ ಸೂಪ್ ಮಾಡ್ಕೊಳ್ಳಿ.”

“ನೋಡಿದೀಯಲ್ಲ, ಬರಿ.”

“ಬರೆದ್ರೆ ಜಿಂಕೆ ಹೋಗುತ್ತೆ. ನಿಮ್ಮ ಕ್ಲಾಸೂ ಹೋಗುತ್ತೆ. ಕೇಸು ಇರೋರನ್ನ ಪಾಠಕ್ಕೆ ಇಟ್ಕೊಳಲ್ಲ. ಗೊತ್ತಲ್ವಾ?”

“ಆ ಪಾಠವನ್ನೂ ನಾನೇ ಹೇಳ್ಕೊಟ್ಟಿದ್ದು ನಿಂಗೆ.”

“ಅಯ್ಯೋ, ಯಾಕಿಷ್ಟು ಹಟ ಟೀಚರ್?”

“ಇದನ್ನ ಬಿಡಬಹುದು ಅಂತಾದ್ರೆ, ಡೆಲ್ಬರ್ಟ್‌ಗೆ ನಾನು ಮಾಡಿದ್ದೇನು ಹಾಗಾದ್ರೆ?”

ಟ್ರೆಂಟ್‌ ಕೇಸಿನ ಟಿಕೆಟ್ಟು ಬರೆಯುವ ಪುಸ್ತಕ ತೆಗೆದ. ಜೀಪಿನ ಬಾನೆಟ್ ಮೇಲೆ ಇಟ್ಟುಕೊಂಡು ನಿಧಾನಕ್ಕೆ ಬರೆದ. ಜಿಂಕೆಯನ್ನು ಇಳಿಸುವಾಗ ಅವಳೂ ಒಂದು ಕಾಲು ಹಿಡಿದಳು. ಕ್ಲಾಸಿನ ಬೀಗದ ಕೈಯನ್ನು ತಾನಾಗಿಯೇ ಗೊಂಚಲಿನಿಂದ ಬಿಚ್ಚಿ ಕೊಟ್ಟಳು.

ಅಲ್ಲಿಂದ ನೇರ ತಮ್ಮನ ಮನೆಗೆ ಹೋದಳು. ಡೆಲ್ಬರ್ಟ್ ಬಾಗಿಲು ತೆರೆದ, ಒಳಗೆ ಬಾ ಎನ್ನಲಿಲ್ಲ. ಅವಳು ಅವನನ್ನು ದಾಟಿಕೊಂಡು ಹೋಗಿ ಅಡುಗೆಮನೆಯ ಮೇಜಿನ ಮೇಲೆ ಟಿಕೆಟ್ಟು, ಇನ್ನೊಂದು ಖಾಲಿ ಕೊಳವೆ, ಕ್ಯಾಲಿಪರ್ ಇಟ್ಟಳು. ಅವನು ಟಿಕೆಟ್ಟು ಎರಡು ಸಲ ಓದಿದ. ಕನ್ನಡಕ ಹುಡುಕಿ ತಂದು ಕೊಳವೆಯನ್ನು ತಾನೇ ಅಳೆದ.

“ನಿನ್ನ ಮೇಲೆ ನೀನೇ ದೂರು ಕೊಟ್ಯಾ?”

“ಹೂಂ.”

“ಹುಚ್ಚಿ.” ಕ್ಯಾಲಿಪರನ್ನು ಅವಳ ಕೈಗೆ ಕೊಡುತ್ತ ಕೇಳಿದ: “ನಂದು ಎಷ್ಟಿತ್ತು, ನೆನಪಿದ್ಯಾ?”

“ಪಾಯಿಂಟ್ ಎಂಟು ಒಂಬತ್ತು ಎಂಟು. ಒಂದು ದಿನಾನೂ ಮರ್ತಿಲ್ಲ ಕಣೋ.”

ಹೇಳುತ್ತಿದ್ದಂತೆ ಅವಳಿಗೆ ಅಳು ಬಂತು. ಕೈ ಗಡಗಡ ನಡುಗಿ ಕ್ಯಾಲಿಪರ್ ಮೇಜಿನ ಮೇಲೆ ಟಕಟಕ ಬಡಿಯತೊಡಗಿತು. ಡೆಲ್ಬರ್ಟ್ ಅದನ್ನು ಅವಳ ಬೆರಳುಗಳಿಂದ ಬಿಡಿಸಿ ಪಕ್ಕಕ್ಕಿಟ್ಟು, ಕಾಲಿನಿಂದ ಕುರ್ಚಿಯೊಂದನ್ನು ಅವಳ ಕಡೆಗೆ ತಳ್ಳಿದ.