ಸೂರ್ಯನಾರಾಯಣರ ಗುಪ್ತ ಮತದಾನ

ದೆಹಲಿ ಪಕ್ಕದ ಇಂದಿರಾಪುರಂನ ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯಲ್ಲಿ ಪ್ರೊಫೆಸರ್ ಸೂರ್ಯನಾರಾಯಣರಷ್ಟು ಚೆನ್ನಾಗಿ ಮಾತಾಡುವವರಿಲ್ಲ. ಅವರು ಮಾತು ಬಿಟ್ಟು ಬೇರೇನಾದರೂ ಮಾಡಿದ್ದನ್ನು ಕಂಡವರೂ ಇಲ್ಲ. ದೆಹಲಿಯ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಕಲಿಸಿ, ಹೆಂಡತಿಯ ನೌಕರಿಯ ದಯೆಯಿಂದ ಆರ್.ಕೆ.ಪುರಂ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಕಾಲ ಕಳೆದು, ನಿವೃತ್ತರಾದ ಮೇಲೆ ಇಲ್ಲಿ ಫ್ಲ್ಯಾಟ್ ಕೊಂಡವರು. ತರಕಾರಿ ಭಯ್ಯಾನ ಜೊತೆ ಚೌಕಾಸಿಗೂ ಹೆಂಡತಿಯನ್ನೇ ಮುಂದೆ ಬಿಡುತ್ತಿದ್ದರು.

ಭಾನುವಾರ ಬೆಳಿಗ್ಗೆ ನಮ್ಮ ಮನೆಯ ಕಾಫಿಗೆ ಅವರೂ ಸೊಸೈಟಿ ಕಮಿಟಿಯ ಬಸವರಾಜರೂ ಬರುತ್ತಿದ್ದರು. ಕಾಫಿ ನನ್ನದು, ಪ್ರಜಾಪ್ರಭುತ್ವ ಅವರದ್ದು.

"ನಿಮ್ಮ ಉದಾರವಾದಕ್ಕೆ ಜನರ ಮೇಲೆ ನಂಬಿಕೆನೇ ಇಲ್ಲ ಸಾರ್," ಎನ್ನುತ್ತಿದ್ದರು ಬಸವರಾಜ. "ಜನ ನಿಮಗೆ ಬೇಕಾದ್ದು ಹೇಳಿದ್ರೆ ಜನಾದೇಶ, ಬೇಡದ್ದು ಹೇಳಿದ್ರೆ ಕೋರ್ಟು. ಹತ್ತು ಜನ ಒಪ್ಪಿದ್ದನ್ನ ನೀವೊಬ್ಬರು ತಪ್ಪು ಅನ್ನೋಕೆ ಯಾರು?"

"ನೋಡಿ, ಬೇಲಿ ಇಲ್ಲದ ಬಹುಮತ ಬರೀ ಗುಂಪು," ಎಂದು ಪ್ರೊಫೆಸರರು ಬಿಸ್ಕತ್ತು ಅದ್ದುತ್ತಿದ್ದರು. "ಒಬ್ಬಳೇ ಒಬ್ಬಳು ಇದ್ದರೂ ಅವಳ ಹಕ್ಕು ವೋಟಿಗೆ ಹಾಕೋ ವಸ್ತು ಅಲ್ಲ. ಅದಕ್ಕೇ ಗುಪ್ತ ಮತದಾನ ಇರೋದು. ಯಾರಿಗೂ ಹೆದರದೆ ಮನುಷ್ಯ ತನ್ನ ಆತ್ಮಸಾಕ್ಷಿಯ ಮಾತು ಕೇಳಬೇಕು."

ನನಗೂ ಅದು ಒಪ್ಪಿಗೆಯಾಗುತ್ತಿತ್ತು. ಹೇಳಿದವರನ್ನು ನೋಡಿ ಒಪ್ಪಿಬಿಟ್ಟೆನಲ್ಲ ಎಂದು ಈಗ ಸಿಟ್ಟು ಬರುತ್ತದೆ.

ಪ್ರೊಫೆಸರರ ಪಕ್ಕದ ಫ್ಲ್ಯಾಟಿನಲ್ಲಿ ಹಂಸಿನಿ ಬಾಡಿಗೆಗಿದ್ದಳು. ದಾವಣಗೆರೆಯ ಹುಡುಗಿ, ನೋಯ್ಡಾದ ಐಟಿ ಕಂಪನಿಯಲ್ಲಿ ಕೆಲಸ. ಪ್ರೊಫೆಸರರು ಆನ್‌ಲೈನಿನಲ್ಲಿ ಉಪನ್ಯಾಸ ಕೊಡುವಾಗಲೆಲ್ಲ ಲ್ಯಾಪ್‌ಟಾಪ್ ಸರಿಮಾಡಿ, ಮೈಕು ಹಚ್ಚಿ, "ಅಂಕಲ್, ಈಗ ಮಾತಾಡಿ" ಎನ್ನುತ್ತಿದ್ದವಳು ಅವಳೇ. ಶನಿವಾರ ಅವಳ ಆಫೀಸಿನ ಗೆಳೆಯ ಗೆಳತಿಯರು ಬಂದು ಬಾಲ್ಕನಿಯಲ್ಲಿ ಕೂತು ನಗುತ್ತಿದ್ದರು. ಮಾಡುತ್ತಿದ್ದ ಅಪರಾಧ ಅದೊಂದೇ.

ಅಷ್ಟಕ್ಕೇ ಕಮಿಟಿಗೆ ಸಂಸ್ಕೃತಿ ನೆನಪಾಯಿತು. ಮದುವೆಯಾಗದ ಬಾಡಿಗೆದಾರರು ತಿಂಗಳೊಳಗೆ ಖಾಲಿ ಮಾಡಬೇಕೇ, ಬೇಡವೇ ಎಂದು ಬಸವರಾಜ ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ಪೋಲ್ ಹಾಕಿದರು. ಗುಂಪಿನಲ್ಲಿ ಬಾಡಿಗೆದಾರರೂ ಇದ್ದರು, ಆದರೆ ವೋಟು ಮನೆ ಮಾಲೀಕರಿಗೆ ಮಾತ್ರ. ತನ್ನನ್ನು ಓಡಿಸಬೇಕೋ ಬೇಡವೋ ಎಂಬ ಎಣಿಕೆಯನ್ನು ಹುಡುಗಿ ಕಣ್ಣು ಬಿಟ್ಟುಕೊಂಡು ನೋಡಬೇಕಿತ್ತು.

ಅವಳು ಪ್ರೊಫೆಸರರ ಹತ್ತಿರ ಹೋದಳು. ಅವರು ಗುಂಪಿನಲ್ಲಿ ಉದ್ದನೆಯ ಸಂದೇಶ ಬರೆದರು: ಹಕ್ಕು, ಸಂವಿಧಾನ, ಅಲ್ಪಸಂಖ್ಯಾತರು, ಎಲ್ಲ ಇತ್ತು. ಅಷ್ಟು ಮಾಡಿ, ವೋಟೂ ಒತ್ತಿದರು.

ವಾಟ್ಸಾಪಿನ ಪೋಲಿನಲ್ಲಿ ಯಾರು ಯಾವುದಕ್ಕೆ ಒತ್ತಿದರು ಎಂದು ಹೆಸರು ಸಮೇತ ಕಾಣುತ್ತದೆ. ಅದು ಸೊಸೈಟಿಯ ಮಕ್ಕಳಿಗೂ ಗೊತ್ತು. ಗುಪ್ತ ಮತದಾನದ ಮೇಲೆ ಪುಸ್ತಕ ಬರೆದವರಿಗೆ ಗೊತ್ತಿರಲಿಲ್ಲ. "ಖಾಲಿ ಮಾಡಬೇಕು" ಎಂಬುದರ ಕೆಳಗೆ, ಬಸವರಾಜರ ಹೆಸರಿನ ಪಕ್ಕದಲ್ಲೇ, ಪ್ರೊಫೆಸರ್ ಸೂರ್ಯನಾರಾಯಣರ ನಗುಮುಖದ ಫೋಟೊ ಇತ್ತು.

ನಾನು ನೋಡಿದೆ. ಹಂಸಿನಿಯೂ ನೋಡಿದ್ದಳು. "ಆಂಟಿ, ಬನ್ನಿ" ಎಂದು ನನ್ನನ್ನು ಕರೆದುಕೊಂಡು ಅವರ ಬಾಗಿಲು ತಟ್ಟಿದಳು. ಅಳಲಿಲ್ಲ, ಜಗಳವಾಡಲಿಲ್ಲ.

"ಅಂಕಲ್, ನೀವು ಒತ್ತಿದ್ದು ಎಲ್ಲರಿಗೂ ಕಾಣಿಸ್ತಿದೆ. ತಪ್ಪಾಗಿ ಒತ್ತಿರಬೇಕು ಅಲ್ವಾ? ಬದಲಾಯಿಸಬಹುದು. ಸಂಜೆವರೆಗೂ ಟೈಮ್ ಇದೆ. ಈಗ ಒಂದೇ ವೋಟಿನ ಅಂತರ. ನೀವು ಈ ಕಡೆ ಬಂದ್ರೆ ನನ್ನ ಮನೆ ಉಳಿಯುತ್ತೆ." ಎಲ್ಲಿ ಒತ್ತಬೇಕೆಂದು ಅವರದೇ ಫೋನಿನಲ್ಲಿ ತೋರಿಸಿದಳು. ಪಾಪ, ಮುದುಕನ ಮರ್ಯಾದೆ ಉಳಿಸಲು ಅವಳೇ ದಾರಿ ಮಾಡಿಕೊಟ್ಟಿದ್ದಳು.

ಪ್ರೊಫೆಸರರ ಮುಖ ಕೆಂಪಾಯಿತು. ಫೋನ್ ಮೇಜಿನ ಮೇಲಿಟ್ಟರು.

"ಪ್ರಶ್ನೆ ವೈಯಕ್ತಿಕ ಅಲ್ಲಮ್ಮ. ಶನಿವಾರ ನಾನು ಬರೆಯೋ ದಿನ, ಆ ಗಲಾಟೆಯಲ್ಲಿ ವ್ಯಕ್ತಿಸ್ವಾತಂತ್ರ್ಯದ ಲೇಖನ ನಿಂತೇ ಹೋಗಿದೆ. ಅದೂ ಇರಲಿ. ಒಮ್ಮೆ ಹಾಕಿದ ಮತವನ್ನ ಒತ್ತಡಕ್ಕೆ ಮಣಿದು ಬದಲಾಯಿಸೋದು ಪ್ರಜಾಪ್ರಭುತ್ವಕ್ಕೆ ಮಾಡೋ ಅವಮಾನ."

ಹಂಸಿನಿ "ಅಚ್ಛಾ" ಎಂದಳು, ಅಷ್ಟೇ. ತಿಂಗಳು ಮುಗಿಯುವ ಮೊದಲೇ ಘಾಜಿಯಾಬಾದಿನ ಆ ತುದಿಯಲ್ಲೆಲ್ಲೋ ಪಿ.ಜಿ. ಹಿಡಿದು ಹೊರಟುಹೋದಳು. ಬಸವರಾಜರನ್ನು ನಾನು ಕ್ಷಮಿಸಿಲ್ಲ, ಆದರೆ ಅವರು ಆಡಿದ್ದನ್ನೇ ಒತ್ತಿದ್ದರು. ಇವರಿಗೆ ಆ ಯೋಗ್ಯತೆಯೂ ಇರಲಿಲ್ಲ.

ಮೊನ್ನೆ ಪ್ರೊಫೆಸರರು ನಮ್ಮ ಬಾಗಿಲಿಗೆ ಓಡಿಬಂದರು. ಇಸ್ತ್ರಿ ಮಾಡಿದ ಜುಬ್ಬಾ, ಕೈಯಲ್ಲಿ ಲ್ಯಾಪ್‌ಟಾಪು. 'ಉದಾರವಾದದ ಬಿಕ್ಕಟ್ಟು' ಎಂಬ ಆನ್‌ಲೈನ್ ಉಪನ್ಯಾಸವಂತೆ. ಜನ ಕಾಯುತ್ತಿದ್ದಾರೆ, ದನಿ ಹೋಗುತ್ತಿಲ್ಲವಂತೆ.

"ವಸಂತಿ ಅವರೇ, ಹಂಸಿನಿ ನನ್ನ ಫೋನ್ ಎತ್ತುತ್ತಿಲ್ಲ. ನಿಮ್ಮ ಫೋನಿಂದ ಒಂದ್ಸಲ ಮಾಡ್ತೀರಾ?"

"ನಾನೊಬ್ಬಳೇ ಹೇಗೆ ನಿರ್ಧಾರ ಮಾಡ್ಲಿ ಸಾರ್? ಗುಂಪಿನಲ್ಲಿ ಪೋಲ್ ಹಾಕ್ತೀನಿ," ಎಂದೆ. "ಈ ಸಲ ನೋಡಿಕೊಂಡು ಒತ್ತಿ, ಹೆಸರು ಕಾಣುತ್ತೆ."