ಪೇಜಿನ ಮೇಲಿನ ಕುಂಕುಮ

ನನ್ನ ನೆಗೆಣ್ಣಿ ರೊಟ್ಟಿ ಬಡಿಯುವ ಸದ್ದಿನಲ್ಲಿ ಬಳೆ ಇರಲಿಲ್ಲ. ಮೈದುನ ತೀರಿಕೊಂಡ ಮೇಲೆ ಮೂಡಲಗಿಯ ಆ ಅಡುಗೆಮನೆಯಲ್ಲಿ ಉಳಿದದ್ದು ಬರೀ ಅಂಗೈ ಮತ್ತು ಹಿಟ್ಟಿನ ಸದ್ದು, ಟಪ ಟಪ ಟಪ. ನಡುನಡುವೆ ಕಿಟಕಿಯಲ್ಲಿಟ್ಟ ಮೊಬೈಲು ಟಿಂಗ್ ಅನ್ನುತ್ತಿತ್ತು. ಆರ್ಡರ್ ಬಂತು ಎಂದು ಅರ್ಥ. ಆಕೆ ತಲೆ ಎತ್ತುತ್ತಿರಲಿಲ್ಲ, ಆದರೆ ಕೈ ಒಂದಿಷ್ಟು ಜೋರಾಗುತ್ತಿತ್ತು. ಗೋಕಾಕದಿಂದ ಬಸ್ಸು ಹತ್ತಿ ಹೋಗಿ ಆ ಸದ್ದಿನ ಬಾಜೂ ಸುಮ್ಮನೆ ಕೂತು ಬರುವುದು ನನಗೆ, ಹೌ ಶಲ್ ಐ ಸೇ, ಒಂದು ಬಗೆಯ ಪ್ರೇಯರ್ ಆಗಿತ್ತು.

ಆಕೆಯ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಊರಿಗೆ ಮೊದಲೇ ಗೊತ್ತಿತ್ತು. ಊರಾಚೆ ಮುಟ್ಟಿಸಿದವನು ಅವಳ ಅಳಿಯ. ಹುಕ್ಕೇರಿಯಲ್ಲಿ ಬಟ್ಟೆ ಅಂಗಡಿಯ ಮೇಲಿನ ಕೋಣೆಯಲ್ಲಿ ಕೂತು ವ್ಯಾಪಾರಸ್ಥರಿಗೆ ವೆಬ್ ಪೇಜು ಮಾಡಿಕೊಡುವವನು. ಅವನು ಮೊದಲಿನಿಂದಲೂ ನನಗೆ ಸೇರಿರಲಿಲ್ಲ. ಅದನ್ನು ಮುಚ್ಚಿಡುವ ವಯಸ್ಸೂ ನನ್ನದಲ್ಲ.

ಲ್ಯಾಂಡಿಂಗ್ ಪೇಜು ಅಂದರೇನು ಎಂದು ಅವನು ನನಗೆ ಪಾಠ ಹೇಳಿದ ದಿನ ಚೆನ್ನಾಗಿ ನೆನಪಿದೆ. ನಾನು ಮೂಡಲಗಿಯ ಬಗ್ಗೆ, ಬಿಳಿಜೋಳದ ಬಗ್ಗೆ ನನ್ನ ಕಾನ್ವೆಂಟ್ ಇಂಗ್ಲಿಷಿನಲ್ಲಿ ಒಂದು ಪ್ಯಾರಾ ಬರೆದುಕೊಟ್ಟಿದ್ದೆ. ಓದದೆಯೇ ಪಕ್ಕಕ್ಕಿಟ್ಟ.

"ದೊಡ್ಡತ್ತಿ, ಇಷ್ಟ ಓದಾಕ ಯಾರಿಗೂ ಪುರಸತ್ತ ಇರೂದಿಲ್ರಿ. ಮ್ಯಾಲ ಒಂದು ಫೋಟೋ, ಕೆಳಗ ಒಂದು ಬಟನ್ನು. ಬ್ಯಾರೆ ಎಲ್ಲಿ ಒತ್ತಾಕೂ ಜಾಗಾ ಬಿಡಬಾರದು. ಬಂದವರು ಹಂಗ ಹೊಳ್ಳಿ ಹೋಗಬಾರದು ನೋಡ್ರಿ, ಗಿರಾಕಿ ಆಗೇ ಹೋಗಬೇಕು."

"ಇಲಿ ಬೋನಿನಾಗೂ ಹಂಗ ಇರ್ತೈತಿ," ಎಂದೆ.

ಅವನು ನಕ್ಕ. ಹಲ್ಲಷ್ಟೇ ಕಂಡವು.

ನೆಗೆಣ್ಣಿ ಬಾಗಿಲ ಹಿಂದೆ ಸೆರಗು ಹೊದ್ದು ನಿಂತಿದ್ದಳು. ಅಳಿಯನ ಎದುರು ಆಕೆ ಎಂದೂ ನೇರ ಮಾತಾಡಿದವಳಲ್ಲ. ಹೇಳುವುದಿದ್ದರೆ ಮಗಳ ಮುಖಾಂತರ, ಮಗಳಿಲ್ಲದಿದ್ದರೆ ನನ್ನ ಮುಖಾಂತರ. ನಾನು ಅದಕ್ಕೆ ಅವಳನ್ನು ಎಷ್ಟು ಆಡಿಕೊಂಡಿದ್ದೇನೆ. ನಾನು ಮಾವನವರ ಎದುರು ಸಹ ತಲೆಯ ಮೇಲೆ ಸೆರಗು ಹಾಕಿದವಳಲ್ಲ. ನನಗೆ ಕಲಿಸಿದ ಸಿಸ್ಟರುಗಳು ತಲೆ ಮುಚ್ಚಿಕೊಂಡೇ ಇರುತ್ತಿದ್ದರು, ಆದರೆ ನಮಗೆ ಮಾತ್ರ ಹೆಡ್ಸ್ ಅಪ್, ಗರ್ಲ್ಸ್ ಅನ್ನುತ್ತಿದ್ದರು.

ಅಂದು ಅವನು ಒಲೆಯ ಮುಂದೆ ಅತ್ತೆಯ ಫೋಟೋ ತೆಗೆದ. ಪೇಜು ತಯಾರಾದಾಗ ನಮಗೆ ತೋರಿಸಿದ್ದೂ ಅದೇ ಫೋಟೋ: ಬರಿ ಹಣೆ, ಬರಿ ಕೈ, ಉಬ್ಬಿದ ರೊಟ್ಟಿ. ನೋಡಿ ಆಕೆ ನಾಚಿಕೊಂಡಳು. ಆಮೇಲೆ ಪೇಜಿನ ಕಡೆ ನಾವು ನೋಡಲಿಲ್ಲ. ಮೊಬೈಲು ಟಿಂಗ್ ಅನ್ನುತ್ತಿತ್ತು, ಸಾಕಾಗಿತ್ತು.

ಒಂದು ರವಿವಾರ ನಾನು ಅಲ್ಲಿದ್ದಾಗಲೇ ಗಂಡ ಹೆಂಡತಿ ಇಬ್ಬರು ಬಂದರು. ಅರಭಾವಿಯ ತೋಟಗಾರಿಕೆ ಕಾಲೇಜಿನಲ್ಲಿ ನೌಕರಿಯಂತೆ, ಒಳ್ಳೆಯ ಜನ. ಆನ್‌ಲೈನಿನಲ್ಲಿ ತರಿಸಿ ತಿಂದಿದ್ದೇವೆ, ಮಾಡಿದ ಕೈ ನೋಡಬೇಕು ಅನಿಸಿತು ಎಂದರು. ನೆಗೆಣ್ಣಿ ನೀರು ಬೆಲ್ಲ ಕೊಟ್ಟಳು, ಬಿಸಿ ರೊಟ್ಟಿ ಬಡಿಸಿದಳು. ಹೊರಡುವಾಗ ಆ ಹೆಂಗಸು ಹೊಸ್ತಿಲಲ್ಲಿ ನಿಂತು, ಮನೆ ಮಂದಿಯ ಹಾಗೆ, "ಕುಂಕುಮ ಕೊಡ್ರಿ, ಬರ್ತೀವಿ," ಅಂದಳು.

ನೆಗೆಣ್ಣಿ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. "ಅಕ್ಕಾ, ನೀವು ಕೊಡ್ರಿ ಅವರಿಗೆ," ಅಂದಳು ನನಗೆ.

ಆ ಹೆಂಗಸು ಅವಳ ಹಣೆ ನೋಡಿದಳು. ಮೊಬೈಲು ತೆಗೆದು ನೋಡಿದಳು. ಮತ್ತೆ ಹಣೆ ನೋಡಿದಳು. ಅವಳ ಮುಖ ಇಳಿದುಹೋಯಿತು. ನೆಗೆಣ್ಣಿಯ ತೋಳು ಹಿಡಿದುಕೊಂಡು, "ಅವ್ವಾ, ಯಾವಾಗ ಆತ್ರೀ ಇದು? ನಮಗ ಗೊತ್ತಽ ಇಲ್ಲ ನೋಡ್ರಿ," ಎಂದು ಕಣ್ಣಲ್ಲಿ ನೀರು ತಂದಳು.

ನಾನು ಆ ಮೊಬೈಲು ಇಸಿದುಕೊಂಡೆ. ಪೇಜಿನ ಮೇಲೆ ನನ್ನ ನೆಗೆಣ್ಣಿ ದುಂಡಗೆ ಕುಂಕುಮ ಇಟ್ಟುಕೊಂಡು, ಕೈತುಂಬ ಹಸಿರು ಬಳೆ ತೊಟ್ಟು ನಗುತ್ತಿದ್ದಳು. ಕೆಳಗೆ ಬಟನ್ನು.

ಎಂದೋ ಆರಿದ ಸಾವಿಗೆ ಆಕೆ ಮತ್ತೊಮ್ಮೆ ಸಮಾಧಾನ ಹೇಳಿಸಿಕೊಳ್ಳಬೇಕಾಯಿತು. ಅದೂ ಹೊಸ್ತಿಲಲ್ಲಿ, ಗಿರಾಕಿಯ ಹತ್ತಿರ. ಅವರು ಹೋದ ಮೇಲೆ ಆಕೆ ಅಳಲಿಲ್ಲ. ಮೊಬೈಲಿನ ಮೇಲೆ ಹಿಟ್ಟಿನ ಬುಟ್ಟಿ ಬೋರಲು ಹಾಕಿದಳು. ಅದರೊಳಗಿಂದಲೂ ಟಿಂಗ್ ಕೇಳಿಸಿತು.

ಅಮಾವಾಸ್ಯೆಗೆ ಅಳಿಯ ಬಂದ. ನಾನು ಚಹಾ ಕೊಡುವ ಮೊದಲೇ ಶುರು ಮಾಡಿದೆ.

"ಅವರ ಹಣಿಮ್ಯಾಲ ಕೈ ಇಡಾಕ ನಿಮಗ ಯಾರ್ ಹೇಳಿದ್ರು?"

"ಸಿಟ್ಟಾಗಬ್ಯಾಡ್ರಿ ದೊಡ್ಡತ್ತಿ. ಎರಡೂ ನಮೂನಿ ಫೋಟೋ ಹಾಕಿ ನೋಡಿದೆ, ಅರ್ಧಾ ಮಂದಿಗೆ ಇದು, ಅರ್ಧಾ ಮಂದಿಗೆ ಅದು. ಬರೇ ಹಣಿ ನೋಡಿದವರು ಹೊಳ್ಳಿ ಹೊಂಟ್ರು. ಕುಂಕುಮ ನೋಡಿದವರು ಬಟನ್ ಒತ್ತಿದ್ರು. ನಾ ಏನ್ ಮಾಡ್ಲಿ, ಜನಾನ ಹಂಗ ಅದಾರ. ಟೆಸ್ಟಿಂಗ್ ಅಂತಾರ ಇದಕ್ಕ."

"ರೊಟ್ಟಿ ಹಿಟ್ಟ ಟೆಸ್ಟ್ ಮಾಡ್ರಿ. ವಿಧವಿನ್ನ ಅಲ್ಲ."

"ನೀವು ಇಂಗ್ಲಿಷ್ ಓದಿದವರು. ನಿಮಗ ತಿಳೀತೈತಿ ಅನ್ಕೊಂಡಿದ್ದೆ."

ಶೇಮ್‌ಲೆಸ್ ಎಂಬ ಪದ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಬಾಗಿಲ ಹಿಂದಿನಿಂದ ದನಿ ಬಂತು.

"ಅಳಿಯಂದ್ರಿಗೆ ಹೇಳ್ರಿ ಅಕ್ಕಾ. ನನ್ನ ಹಣಿಗೆ ಇಟ್ಟಾವ್ರು ಹ್ವಾದ್ರು." ಆಮೇಲೆ ಆಕೆ ಬಾಗಿಲು ದಾಟಿ ಹೊರಗೆ ಬಂದು ನಿಂತಳು. ಸೆರಗು ತಲೆಯ ಮೇಲೇ ಇತ್ತು, ಆದರೆ ಮಾತು ನೇರ ಅವನಿಗೇ. "ಇನ್ನ ಮತ್ತೊಬ್ಬರು ಇಡೂದು ಬ್ಯಾಡ್ರಿ. ನನ್ನ ಮಾರಿ ತಗೀರಿ ಅದರಾಗಿಂದ."

"ತಗದ್ರ ಆರ್ಡರ್ ನಿಲ್ತಾವರಿ."

"ನಿಂದ್ರಲಿ."

ಅವನು ಚಹಾ ಕುಡಿಯದೆ ಎದ್ದು ಹೋದ.

ಪೇಜು ಹೋಯಿತು, ಟಿಂಗ್ ಹೋಯಿತು. ಅರಭಾವಿಯ ಆ ದಂಪತಿ ಈಗಲೂ ರವಿವಾರ ಬಂದು ರೊಟ್ಟಿ ಒಯ್ಯುತ್ತಾರೆ. ತಮ್ಮ ಕಾಲೇಜಿನವರಿಗೂ ಹೇಳಿದ್ದಾರೆ. ಮೊದಲಿನಷ್ಟು ಇಲ್ಲ, ಸುಳ್ಳು ಯಾಕೆ ಹೇಳಲಿ. ಆಕೆಯ ಕೈ ಈಗ ಮೆಲ್ಲಗೆ ಬಡಿಯುತ್ತದೆ. ನನಗೆ ಆ ಹಳೆಯ ಜೋರು ನೆನಪಾಗುತ್ತದೆ, ಅದಕ್ಕಾಗಿಯೂ ಅವನನ್ನು ಕ್ಷಮಿಸಲಾರೆ.

ಕೆಲವು ತಿಂಗಳ ಮೇಲೆ ಒಂದು ಮುಂಜಾನೆ ಅವನು ಗೋಕಾಕದ ನಮ್ಮ ಗೇಟಿನ ಮುಂದೆ ಬೈಕು ನಿಲ್ಲಿಸಿದ. ಒಳಗೆ ನಮ್ಮ ಯಜಮಾನರು ಪೇಪರು ಓದುತ್ತ ಕೆಮ್ಮುತ್ತಿದ್ದರು. ನಾನು ನೀರು ತಂದುಕೊಟ್ಟೆ. ಬೆಲ್ಲ ತರಲಿಲ್ಲ.

ಅವನು ನಿಂತೇ ನೀರು ಕುಡಿದು ಅಂದ: "ಒಂದು ವಿಚಾರ ಬಂದೈತ್ರಿ ದೊಡ್ಡತ್ತಿ. ರೊಟ್ಟಿ ಅತ್ತೀದು, ಫೋಟೋ ನಿಮ್ಮದು. ಬೆಳ್ಳಗಿನ ಕೂದಲಾ, ದೊಡ್ಡ ಕುಂಕುಮ. ಅದೂ ನಿಮ್ಮ ಕುಂಕುಮ ಖರೇದು ಐತಿ, ಯಾರೂ ಏನೂ ಅನ್ನಾಂಗಿಲ್ಲ."

ಒಳಗೆ ಯಜಮಾನರು ಕೆಮ್ಮುವುದು ಅವನಿಗೂ ಕೇಳಿಸುತ್ತಿತ್ತು. ಅವನು ನನ್ನ ಹಣೆಯನ್ನೇ ನೋಡುತ್ತಿದ್ದ, ಅರಿವೆ ಕೊಳ್ಳುವವರು ಬಣ್ಣ ಬಿಡುತ್ತದೋ ಇಲ್ಲವೋ ಎಂದು ನೋಡುವ ಹಾಗೆ. ನಾನು ಕೊಡಪಾನದಷ್ಟು ಬೈಗುಳ ತುಂಬಿಕೊಂಡಿದ್ದೆ. ಆದರೆ ಕೈ ತಾನಾಗಿ ಮೇಲೆ ಹೋಗಿ ಸೆರಗನ್ನು ಹುಬ್ಬಿನವರೆಗೆ ಎಳೆಯಿತು.

ಅವನು ಖಾಲಿ ಲೋಟವನ್ನು ಗೇಟಿನ ಕಂಬದ ಮೇಲಿಟ್ಟು ಬೈಕಿಗೆ ಕಿಕ್ಕು ಹೊಡೆದ. ಅವನು ಮತ್ತೆ ನಮ್ಮ ಮನೆಗೆ ಬರಲಿಲ್ಲ, ಅವನಿದ್ದಾಗ ನಾನೂ ಮೂಡಲಗಿಗೆ ಹೋಗಲಿಲ್ಲ. ಅವನನ್ನು ನಾನು ನೋಡಿದ್ದು ಅದೇ ಕೊನೆ, ಅದೂ ಸೆರಗಿನ ಅಂಚಿನ ಕೆಳಗಿಂದ: ಎರಡು ಬೂಟು, ಒಂದು ಗಾಲಿ.