ಊಟ ಆತೇನವ್ವಾ ಅಂದ್ರ

ಹಲ್ಲು ಬರುವ ಸಂಕಟಕ್ಕೆ ಕೂಸು ರಾತ್ರಿಯೆಲ್ಲ ಅತ್ತಿತ್ತು. ಬೆಳಿಗ್ಗೆ ನೀರೊಲೆಯ ಮುಂದೆ ಕೂತರೆ ಭವ್ಯಳ ಕಣ್ಣು ತಾವಾಗಿಯೇ ಮುಚ್ಚುತ್ತಿದ್ದವು. ಮುಚ್ಚಿಕೊಂಡು ಕೂತರೆ ನಡೆಯಬೇಕಲ್ಲ? ಯಾನಾಳ ಸ್ನಾನಕ್ಕೆ ನೀರು ಕಾಯಬೇಕು, ಅವಳಿಗೆಂದು ಖಾರವಿಲ್ಲದ ಪಲ್ಯ ಬೇರೆ ಆಗಬೇಕು, ಕುಡಿಯುವ ನೀರು ಕುದಿಸಿ ಆರಿಸಬೇಕು.

ಯಾನಾ ಜೆಕ್ ದೇಶದ ಹುಡುಗಿ. ಎಮ್ಮಿಗನೂರಿನ ಶಾಲೆಯ ಮಕ್ಕಳಿಗೆ ಇಂಗ್ಲಿಷ್ ಮಾತು, ಚಿತ್ರ ಕಲಿಸಲು ಸ್ವಯಂಸೇವಕಿಯಾಗಿ ಬಂದವಳು; ಪುಸ್ತಕದ ಕನ್ನಡ ಅಷ್ಟಿಷ್ಟು ಕಲಿತುಕೊಂಡೇ ಬಂದಿದ್ದಳು. ಹೊಸಪೇಟೆಯ ಸಂಸ್ಥೆಯವರು ಅವಳಿಗೊಂದು ಮನೆ ಹುಡುಕುತ್ತಿದ್ದಾಗ, "ನಮ್ ಸೊಸಿ ಡಿಗ್ರಿ ಓದ್ಯಾಳ, ಇಂಗ್ಲಿಷ್ ಬರ್ತೈತಿ, ನಮ್ಮನ್ಯಾಗ ಇರ್ಲಿ ಬಿಡ್ರಿ" ಎಂದದ್ದು ಅತ್ತೆ ತಿಪ್ಪಕ್ಕ. ಒಪ್ಪಿದವಳು ಅತ್ತೆ, ದುಡಿಯುವವಳು ಸೊಸೆ. ಗಂಡ ಹುಲುಗೇಶ್ ದೋಣಿಮಲೈಯಲ್ಲಿ ಬಸ್ ಓಡಿಸುತ್ತಾನೆ. ವಾರಕ್ಕೊಮ್ಮೆ ಬಂದು ಮಗಳನ್ನು ಮುದ್ದಾಡಿ, ಯಾನಾಗೆ "ಹಲೋ" ಅಂದು, ಮಲಗಿಬಿಡುತ್ತಾನೆ.

ಹುಡುಗಿಯೇನೋ ಒಳ್ಳೆಯವಳೇ. ತನ್ನ ತಟ್ಟೆ ತಾನೇ ತೊಳೆಯಲು ಹೋಗಿ ತಿಪ್ಪಕ್ಕನಿಂದ ಬೈಸಿಕೊಳ್ಳುತ್ತಿದ್ದಳು. ಆದರೆ ಮನೆಯಲ್ಲಿ ಬೇರೆಯವರಿದ್ದಾರೆ ಎನ್ನುವುದೇ ಒಂದು ದಣಿವು. ಕೂದಲು ಬಿಚ್ಚಿ ಹಾಕಿಕೊಂಡು ಒಂದು ಗಳಿಗೆ ಅಡ್ಡಾಗುವ ಹಾಗಿಲ್ಲ.

ಅಂಥದ್ದರಲ್ಲಿ ಒಂದು ದಿನ ಅಕ್ಕಿ ಗಿರಣಿಯ ಕೊಟ್ರಮ್ಮ ಡಬ್ಬಿ ತುಂಬ ಚಿತ್ರಾನ್ನ ಹಿಡಿದು ಬಂದಳು.

"ಯಾಕ್ರಿ ಅಮ್ಮಾರ, ಮನ್ಯಾಗ ಏನರ ಕಾರ್ಯ ಇತ್ತೇನ್ರಿ?" ಎಂದಳು ಭವ್ಯ.

"ಕಾರ್ಯ ಏನಿಲ್ಲ ಬೇ. ಆ ಹುಡುಗಿ ದಿನಾ ಉಪಾಸ ಅಡ್ಡಾಡ್ತೈತಲ್ಲ. ಊಟ ಆತೇನವ್ವಾ ಅಂದ್ರ ಇಲ್ಲ ಅಂತೈತಿ. ನನಗಷ್ಟ ಅಲ್ಲ, ಓಣಿಗೆಲ್ಲಾ ಹಂಗಾ ಅಂತೈತಿ. ಅಕ್ಕಿ ಇಲ್ಲಂದ್ರ ಬಾಯಿಬಿಟ್ಟು ಹೇಳಬಾರ್ದಾ? ಗಿರಣಿ ನಮ್ದಾ ಐತಿ."

ಭವ್ಯಳಿಗೆ ಬಿಸಿ ಬೂದಿ ಮುಖಕ್ಕೆ ಎರಚಿದಂತಾಯಿತು. ಸಂಜೆ ಸಂಸ್ಥೆಯ ಅನುಸೂಯಾ ಮೇಡಂ ಫೋನು: ದೂರು ಬಂದಿದೆ, ನಾಳೆ ಬಂದು ನೋಡುತ್ತೇನೆ, ಯಾನಾಳನ್ನು ತಾವೇ ಇಟ್ಟುಕೊಳ್ಳುತ್ತೇವೆ ಎನ್ನುವ ಕೊಟ್ರಮ್ಮನವರ ಮನೆಗೆ ಬದಲಿಸಬೇಕಾಗಬಹುದು.

ಹೋಗಲಿ ಬಿಡು ಎಂದಿತು ದಣಿದ ಮೈ. ಬೆಳಗಿನ ನಿದ್ದೆಯಾದರೂ ಸಿಕ್ಕೀತು. ಆದರೆ ಹುಡುಗಿ ಹೋದರೂ ಮಾತು ಹೋಗುವುದಿಲ್ಲ. ನಂಬಿ ಬಂದವಳನ್ನು ಉಪವಾಸ ಕೆಡವಿದ ಮನೆ ಎಂದು ಕೂಸಿನ ಲಗ್ನದವರೆಗೂ ಊರು ಆಡಿಕೊಳ್ಳುತ್ತದೆ.

ಅವಳು ಯಾನಾಳನ್ನು ಕರೆದು ಕೂರಿಸಿಕೊಂಡಳು. "ಹಾದ್ಯಾಗ ಯಾರರ ಊಟ ಆತಾ ಅಂದ್ರ ಏನಂತೀ?"

"ಇಲ್ಲ ಅಂತೀನಿ ಅಕ್ಕಾ. ನಿಜ ಅಲ್ವಾ? ಸ್ಕೂಲಿಂದ ಮನೆಗೆ ಬಂದು ಊಟ. ಎಲ್ಲರೂ ಕೇಳ್ತಾರೆ. ತುಂಬ ಪ್ರೀತಿ."

ಭವ್ಯ ಹಣೆ ಬಡಿದುಕೊಂಡಳು. ಬೈಯಬೇಕೆಂದು ಕೂತವಳಿಗೆ ನಗು ಬಂತು. "ಅದು ನಮಸ್ಕಾರ ಇದ್ದಂಗವ್ವಾ. 'ಆತ್ರೀ, ನಿಮ್ದು?' ಅಂತಂದು ಮುಂದ ಹೋಗ್ಬೇಕು."

"ಊಟ ಆಗಿಲ್ಲ ಅಂದರೂ?"

"ಆಗಿಲ್ಲಂದ್ರೂ."

"ಅದು ಸುಳ್ಳು."

"ಸುಳ್ಳಲ್ಲ ನಮ್ಮವ್ವಾ," ಎಂದಳು ತಿಪ್ಪಕ್ಕ, ಎಲೆಯಡಿಕೆ ಜಗಿಯುತ್ತ. "ಅವ್ರ ಬಾಯಿಗೂ ಕೆಲ್ಸ ಬ್ಯಾಡಾ? ನಿನ್ ಹೊಟ್ಟಿ ಕಟ್ಕೊಂಡು ಅವ್ರಿಗೇನು!"

ಮರುದಿನ ಯಾನಾ ಶಾಲೆಯಿಂದ ಬಂದು ಕಾಲು ತೊಳೆಯುತ್ತಿದ್ದಳು. ಭವ್ಯ ಹಂಚಿನ ಮೇಲೆ ಮೊದಲ ರೊಟ್ಟಿ ಹಾಕಿದ್ದಳು. ಅಷ್ಟರಲ್ಲಿ ಅನುಸೂಯಾ ಮೇಡಂ ಬಂದರು. ಬೆನ್ನಿಗೇ ಕೊಟ್ರಮ್ಮ.

"ಊಟ ಆತಾ ಯಾನಾ?" ಅನುಸೂಯಾ ಕೇಳಿದರು. ಈ ಸಲ ಅದು ನಮಸ್ಕಾರವಾಗಿರಲಿಲ್ಲ.

"ಆತ್ರೀ," ಪಾಠ ಒಪ್ಪಿಸುವ ಮಕ್ಕಳಂತೆ ಯಾನಾ ಹೇಳಿದಳು. "ನಿಮ್ದು?"

"ಆತಾ? ಏನುಂಡಿ ಹೇಳು ನೋಡಾಣ," ಎಂದಳು ಕೊಟ್ರಮ್ಮ.

ಪಾಠ ಅಲ್ಲಿಗೇ ಮುಗಿದಿತ್ತು. ಭವ್ಯಳ ಕೈಯಲ್ಲಿ ಹಿಟ್ಟಿನ ಉಂಡೆ ನಿಂತೇಬಿಟ್ಟಿತು. ಯಾನಾ ಒಮ್ಮೆ ಒಲೆಯತ್ತ ನೋಡಿದಳು.

"ಈಗ ಇಲ್ಲ. ಆತ್ರೀ ಅಂದಿದ್ದು ಸುಳ್ಳು. ನಿನ್ನೆ ರೊಟ್ಟಿ, ಹೆಸರುಕಾಳು, ಮೊಸರು. ಬೆಳಿಗ್ಗೆ ಮಂಡಕ್ಕಿ ಒಗ್ಗರಣೆ. ನನ್ನ ಪಲ್ಯ ಬೇರೆ, ಖಾರ ಇಲ್ಲ. ದಿನಾ ನಾನು ಮೊದಲು. ಅಕ್ಕ ಕೊನೆಗೆ, ಪಾಪುನ ಎತ್ಕೊಂಡು, ನಿಂತು ಊಟ ಮಾಡ್ತಾಳೆ."

ಹಂಚಿನ ಮೇಲಿನ ರೊಟ್ಟಿ ಸೀದ ವಾಸನೆ ಬಂತು.

ತಿಪ್ಪಕ್ಕ ನಡೆದದ್ದನ್ನೆಲ್ಲ ಬಿಡಿಸಿ ಹೇಳಿದ ಮೇಲೆ ಅನುಸೂಯಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಇದನ್ನ ನಾವಾ ಮೊದಲು ಹೇಳಿಕೊಡಬೇಕಿತ್ತು. ಯಾನಾ ಇಲ್ಲೇ ಇರ್ಲಿ ಬಿಡ್ರಿ."

"ನಾನರ ಏನಂದೆ? ಹುಡುಗಿ ಅಂದದ್ದಾ ಅಂದೆ," ಎಂದು ಕೊಟ್ರಮ್ಮ ಸೆರಗು ಸರಿಮಾಡಿಕೊಂಡಳು.

"ಆತು ಬಿಡ್ರಿ. ಬಂದೀರಿ, ಎರಡು ರೊಟ್ಟಿ ಉಂಡಾ ಹೋಗ್ರಿ," ಎಂದು ತಿಪ್ಪಕ್ಕ ದೊಡ್ಡ ಮನಸ್ಸು ಮಾಡಿದಳು. ಭವ್ಯ ಮತ್ತೆ ಹಿಟ್ಟಿನ ಡಬ್ಬಿ ತೆಗೆದಳು. ಮರ್ಯಾದೆ ಉಳಿಯಿತು, ತೋಳು ಬಿದ್ದುಹೋದವು.

ಬಂದವರು ಉಂಡು ಹೋದ ಮೇಲೆ ಭವ್ಯ, ಯಾನಾ ಇಬ್ಬರೂ ಅಡುಗೆಮನೆಯಲ್ಲಿ ಕೂತರು. ಯಾನಾ ರೊಟ್ಟಿ ಮುರಿದು ಭವ್ಯಳ ತಟ್ಟೆಗೂ ಹಾಕಿದಳು.

"ಕೊಟ್ರಮ್ಮಾರ ಮನ್ಯಾಗ ನಿನಗಾ ಬ್ಯಾರೆ ರೂಮು ಇರ್ತಿತ್ತು ನೋಡು," ಎಂದಳು ಭವ್ಯ.

"ಅಲ್ಲಿ ಪಾಪು ಇರಲ್ಲ," ಎಂದಳು ಯಾನಾ.

ಭವ್ಯ ಏನೋ ಹೇಳಲು ಹೊರಟಳು. ತುತ್ತು ಕೈಯಲ್ಲಿರುವಾಗಲೇ ಗೋಡೆಗೆ ಒರಗಿ ನಿದ್ದೆ ಹೋದಳು. ತೊಟ್ಟಿಲಲ್ಲಿ ಕೂಸು ಮುಲುಗುಟ್ಟಿತು. ಯಾನಾ ಕೈ ತೊಳೆದುಕೊಂಡು, ಅದನ್ನೆತ್ತಿಕೊಂಡು, ಸದ್ದಾಗದಂತೆ ಹೊರಗೆ ನಡೆದಳು.